ಕರುಣೆಯ ತಕ್ಕಡಿ ಯಾರ ಕೈಯಲ್ಲಿದೆ?

ತರಗುಪೇಟೆಯಲ್ಲಿ ಎಲ್ಲದಕ್ಕೂ ತೂಕವಿದೆ. ಅಕ್ಕಿಗೆ, ಬೇಳೆಗೆ, ಬೆಲ್ಲಕ್ಕೆ, ದನ ತಿನ್ನುವ ಬೂಸಾಕ್ಕೆ. ತೂಕವಿಲ್ಲದ್ದು ಮೂಟೆ ಹೊರುವವನ ಬೆನ್ನಿಗೆ ಮಾತ್ರ. ನಮ್ಮಪ್ಪ ಇಲ್ಲಿ ಹಮಾಲಿ. ಗೋಣಿ ಉಜ್ಜಿ ಉಜ್ಜಿ ಅವನ ಹೆಗಲಿನ ಚರ್ಮ ಎಮ್ಮೆ ಚರ್ಮವಾಗಿದೆ. ಸಗಟು ವ್ಯಾಪಾರದ ದೊಡ್ಡ ಪಾಲು ಯಶವಂತಪುರಕ್ಕೆ ಹೋದ ಮೇಲೂ ಇಲ್ಲಿನ ಮಂಡಿಗಳಲ್ಲಿ ಮೂಟೆ ಉಳಿದವು, ಅದರ ಕೆಳಗೆ ನಮ್ಮವರ ಬೆನ್ನೂ ಉಳಿಯಿತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ನಾವು. ಆ ಮೆಟ್ಟಿಲಿನ ಕಲ್ಲೂ ಅವನು ಹೊತ್ತ ಮೂಟೆಯೇ.

ಒಂದು ದಿನ ಮಂಡಿಯ ಮುಂದೆ ಕರಪತ್ರ ಹಂಚುವ ಒಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ದೇವರು ಪ್ರೀತಿ, ದೇವರು ಕರುಣೆ, ಅವನಿಗೆ ತಿಳಿಯದೆ ಒಂದು ಗುಬ್ಬಿಯೂ ನೆಲಕ್ಕೆ ಬೀಳುವುದಿಲ್ಲ ಎಂದರು. ನಮ್ಮಪ್ಪ ಬೀಡಿ ಆರಿಸಿ ಕೇಳಿದ: 'ಸರಿ ಸ್ವಾಮಿ, ಬೀಳೋದು ಗೊತ್ತಾಗ್ತದೆ. ಹಿಡ್ಕೊಳ್ಳೋಕೆ ಏನಾಗಿದೆ ಅವ್ನಿಗೆ ಧಾಡಿ?'

ಬಂದವರು ನಕ್ಕರು. ಇನ್ನೊಂದು ಕರಪತ್ರ ಕೊಟ್ಟು ಹೋದರು.

ಈ ಪ್ರಶ್ನೆಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ವಯಸ್ಸು ಎಂದು ನಮಗೆ ಗೊತ್ತಾಗಿದ್ದು ಕಾಲೇಜಿನಲ್ಲಿ. ಗ್ರೀಕರ ಎಪಿಕ್ಯೂರಸ್‌ನ ಹೆಸರಿನಲ್ಲಿ ಅದು ಓಡಾಡುತ್ತದೆ. ದೇವರಿಗೆ ಕೇಡನ್ನು ತಡೆಯುವ ಮನಸ್ಸಿದ್ದು ಶಕ್ತಿ ಇಲ್ಲವೋ? ಶಕ್ತಿಯಿದ್ದು ಮನಸ್ಸಿಲ್ಲವೋ? ಎರಡೂ ಇದ್ದರೆ ಈ ಕೇಡು ಬಂದದ್ದೆಲ್ಲಿಂದ? ಪುಸ್ತಕ ಓದಿ ನಾವು ಕಲಿತದ್ದನ್ನು ನಮ್ಮಪ್ಪ ಮೂಟೆ ಹೊತ್ತು ಕಲಿತಿದ್ದ. ಅವನಿಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ, ಅಷ್ಟೇ.

ಗೆಳೆಯರೇ, ಉತ್ತರಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕೋಣ.

ಮೊದಲನೆಯದು: ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ, ಮನುಷ್ಯ ಅದನ್ನು ಕೆಡಿಸಿದ. ಸರಿ, ಯಾರ ಸ್ವಾತಂತ್ರ್ಯ? 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟರು. ಬೆಂಕಿ ಹಚ್ಚಿದವನ ಸ್ವಾತಂತ್ರ್ಯವನ್ನು ದೇವರು ಅಷ್ಟೊಂದು ಗೌರವದಿಂದ ಕಾಪಾಡಿದ. ಒಳಗಿದ್ದವರಿಗೆ ಬಾಗಿಲು ತೆಗೆದು ಓಡುವ ಸ್ವಾತಂತ್ರ್ಯ ಯಾಕಿರಲಿಲ್ಲ? ಸ್ವಾತಂತ್ರ್ಯದ ಮಾತಾಡುವಾಗಲೆಲ್ಲ ನಿಮ್ಮ ಕಣ್ಣಿಗೆ ಬೀಳುವುದು ಹೊಡೆಯುವವನ ಕೈ. ಹೊಡೆತ ತಿನ್ನುವವನಿಗೂ ಒಂದು ಸ್ವಾತಂತ್ರ್ಯ ಇರಬೇಕೆಂದು ಯಾವ ಪಂಡಿತನಿಗೂ ಹೊಳೆಯುವುದಿಲ್ಲ.

ಎರಡನೆಯದು: ಸಂಕಟ ಮನುಷ್ಯನನ್ನು ಪುಟಕ್ಕಿಟ್ಟ ಚಿನ್ನ ಮಾಡುತ್ತದೆ. ಹಾಗಿದ್ದರೆ ನಮ್ಮ ಕೇರಿಯಲ್ಲಿ ಇಷ್ಟು ಹೊತ್ತಿಗೆ ಬರೀ ಅಪರಂಜಿಯೇ ಇರಬೇಕಿತ್ತು. ನಾವು ಕಂಡದ್ದು ಕ್ಷಯ, ಸಾಲ, ಸಾರಾಯಿ.

ಮೂರನೆಯದು: ದೇವರ ದಾರಿ ನಮಗೆ ತಿಳಿಯದು, ಅದೊಂದು ರಹಸ್ಯ. ಮಂಡಿಯ ಗುಮಾಸ್ತನ ಕಿರ್ದಿ ಪುಸ್ತಕವೂ ನಮ್ಮಪ್ಪನಿಗೆ ರಹಸ್ಯವೇ ಆಗಿತ್ತು. ನಾವು ಅಕ್ಷರ ಕಲಿತ ಮೇಲೆ ಒಂದು ದಿನ ಪಕ್ಕದಲ್ಲಿ ನಿಂತು ಓದಿದೆವು. ರಹಸ್ಯ ಏನೂ ಇರಲಿಲ್ಲ. ಎಣಿಸಿದ ಮೂಟೆಗೂ ಬರೆದ ಮೂಟೆಗೂ ವ್ಯತ್ಯಾಸವಿತ್ತು, ಅಷ್ಟೇ.

ನಾಲ್ಕನೆಯದು ಯೋಬನ ಕಥೆ. ಬೈಬಲಿನಲ್ಲಿ ಆ ಒಬ್ಬ ಮನುಷ್ಯನ ಮೇಲೆ ನಮಗೆ ಪ್ರೀತಿಯಿದೆ. ತಪ್ಪು ಮಾಡದೆ ಎಲ್ಲ ಕಳೆದುಕೊಂಡ. ನೀನೇನೋ ಪಾಪ ಮಾಡಿರಬೇಕು ಎಂದು ಹೇಳಲು ಬಂದ ಸ್ನೇಹಿತರಿಗೆ ತಲೆಬಾಗಲಿಲ್ಲ, ನೇರವಾಗಿ ದೇವರನ್ನೇ ವಿಚಾರಣೆಗೆ ಕರೆದ. ದೇವರು ಬಿರುಗಾಳಿಯಲ್ಲಿ ಬಂದು ಸಮುದ್ರ, ನಕ್ಷತ್ರ, ಮೊಸಳೆಗಳ ಮಾತಾಡಿದ. ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಕೊನೆಗೆ ಕುರಿ, ಒಂಟೆ, ಎತ್ತು ಎರಡರಷ್ಟಾಗಿ ವಾಪಸು ಬಂದವು, ಹೊಸದಾಗಿ ಹತ್ತು ಮಕ್ಕಳು ಹುಟ್ಟಿದವು. ಸತ್ತ ಆ ಮೊದಲಿನ ಹತ್ತು ಮಕ್ಕಳು? ಒಡೆದ ಮಡಕೆಗೆ ಬದಲು ಮಡಕೆ ಕೊಟ್ಟ ಹಾಗೆ ಮಗುವಿಗೆ ಬದಲು ಮಗು ಕೊಡಲಾಗುತ್ತದೆಯೇ? ಕೇರಿಯ ಯಾವ ತಾಯಿಯನ್ನಾದರೂ ಕೇಳಿ.

ಇಷ್ಟು ಹೇಳಿದ ಕೂಡಲೇ ಒಂದು ಗುಂಪು ಚಪ್ಪಾಳೆ ತಟ್ಟಲು ಸಿದ್ಧವಾಗಿರುವುದು ನಮಗೆ ಕಾಣುತ್ತಿದೆ. 'ನೋಡಿ, ಅವರವರೇ ಕ್ರೈಸ್ತರ ದೇವರನ್ನು ಬಯ್ಯುತ್ತಿದ್ದಾರೆ!' ಸ್ವಲ್ಪ ತಡೀರಿ ಸ್ವಾಮಿ, ನಿಮ್ಮ ಚಪ್ಪಾಳೆ ನಮಗೆ ಬೇಡ. ನಿಮ್ಮ ಮನೆಯ ಉತ್ತರ ಏನು? ಕರ್ಮ. ಈ ಜನ್ಮದಲ್ಲಿ ಹೊಲಗೇರಿಯಲ್ಲಿ ಹುಟ್ಟಿದ್ದು ಹೋದ ಜನ್ಮದ ಪಾಪದಿಂದ. ಜರ್ಮನಿಯ ಮ್ಯಾಕ್ಸ್ ವೇಬರ್ ಈ ಕರ್ಮಸಿದ್ಧಾಂತವನ್ನು ಕೇಡಿಗೆ ಕೊಟ್ಟ ಉತ್ತರಗಳಲ್ಲೇ ಅತ್ಯಂತ ಬಿಗಿಯಾದದ್ದೆಂದು ಗುರುತಿಸಿದ. ಬಿಗಿಯೇನೋ ಹೌದು, ಕುತ್ತಿಗೆಗೆ ಹಾಕಿದ ಉರುಳೂ ಬಿಗಿಯೇ. ಕ್ರೈಸ್ತರ ಲೆಕ್ಕದಲ್ಲಿ ಕೊನೆಗೆ ಕಟಕಟೆಯಲ್ಲಿ ನಿಲ್ಲುವವನು ದೇವರು. ನಿಮ್ಮ ಲೆಕ್ಕದಲ್ಲಿ ಕಟಕಟೆಯಲ್ಲಿ ನಿಲ್ಲುವವರು ನಾವು. ಹುಟ್ಟುವ ಮೊದಲೇ ತೀರ್ಪು ಬಂದಿದೆ, ಮೇಲ್ಮನವಿ ಇಲ್ಲ. ನಮ್ಮವರು ಆ ಕಡೆ ಹೋದದ್ದು ಯಾಕೆಂದು ಇನ್ನೂ ಸಂಶೋಧನೆ ಮಾಡುತ್ತಿದ್ದೀರಾ?

ನಮ್ಮವರು ಹೋದದ್ದು ಅಕ್ಕಿಗಾಗಿ ಎನ್ನುತ್ತಾರೆ. ತರಗುಪೇಟೆಗೆ ಕೂಗಳತೆಯ ದೂರದಲ್ಲಿ, ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಕನ್ನಡದಲ್ಲಿ ಪ್ರಾರ್ಥನೆ ನಡೆಯುವ ಚರ್ಚು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸರ ನೆನಪಿನದು. ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಮಗ. ಅಕ್ಕಿಪೇಟೆಯ ಪಕ್ಕ ರೈಸ್ ಚರ್ಚು ಎಂದು ತಮಾಷೆ ಮಾಡುವವರಿದ್ದಾರೆ. ನಾವೂ ನಗುತ್ತೇವೆ. ಆದರೆ ಆಮೇಲೆ ಅಕ್ಕಿಯ ಲೆಕ್ಕ ಕೇಳುತ್ತೇವೆ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತು. ನಡುವೆ ಬಂದದ್ದು 1876ರಿಂದ 78ರ ಮಹಾಕ್ಷಾಮ. ಮಳೆ ಹೋದದ್ದು ನಿಜ. ಆದರೆ ಕಾಳು ಪೂರ್ತಿ ಹೋಗಿತ್ತೇ? ರೈಲು ಬಂದಿತ್ತು, ಬಂದರಿನಲ್ಲಿ ಧಾನ್ಯ ಇಳಿಯುತ್ತಿತ್ತು, ಅದೇ ವರ್ಷಗಳಲ್ಲಿ ಈ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಇಲ್ಲದ್ದು ಕೂಲಿಯವನ ಕೈಯಲ್ಲಿ ಕಾಸು. ಕ್ಷಾಮದಲ್ಲಿ ಜನ ಸಾಯುವುದು ಬರೀ ಕಾಳಿಲ್ಲದೆ ಅಲ್ಲ, ಕಾಳಿನ ಮೇಲೆ ಹಕ್ಕಿಲ್ಲದೆ ಎಂದು ಅಮರ್ತ್ಯ ಸೇನ್ 1981ರಲ್ಲಿ ಪುಸ್ತಕ ಬರೆದು ತೋರಿಸಿದರು. ತರಗುಪೇಟೆಯಲ್ಲಿ ಉದುರಿದ ಕಾಳನ್ನು ಗುಡಿಸಿ, ಮೊರದಲ್ಲಿ ಕೇರಿ, ಮಣ್ಣು ಬೇರೆ ಕಾಳು ಬೇರೆ ಮಾಡುವ ನಮ್ಮ ಹೆಂಗಸರಿಗೆ ಇದು ಪುಸ್ತಕಕ್ಕೆ ಮೊದಲೇ ಗೊತ್ತು. ಮೂಟೆ ಕೈಗೆಟುಕುವಷ್ಟು ಹತ್ತಿರ, ಹೊಟ್ಟೆ ಖಾಲಿ.

1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಅದೇ ತಿಂಗಳು ಅವನು ಕಳಿಸಿದ ರಿಚರ್ಡ್ ಟೆಂಪಲ್ ಮದ್ರಾಸು ಪ್ರಾಂತ್ಯದ ಕ್ಷಾಮದ ಕಾಮಗಾರಿಗಳಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಎಂದು ಕೂಲಿ ಇಳಿಸಿದ. ಒಂದು ಪೌಂಡು ಎಂದರೆ ಅರ್ಧ ಕಿಲೋಕ್ಕಿಂತ ಕಡಿಮೆ. ಕಲ್ಲು ಒಡೆಯುವವನಿಗೆ. ಆ ಕೂಲಿಗೆ ಸಹಿ ಹಾಕಿದವರೂ ಭಾನುವಾರ ಚರ್ಚಿಗೆ ಹೋಗುವವರೇ. ತಬ್ಬಲಿಯಾದ ಮಕ್ಕಳನ್ನು ಎತ್ತಿಕೊಂಡು ಅನಾಥಾಲಯದಲ್ಲಿ ಗಂಜಿ ಕೊಟ್ಟ ಪಾದ್ರಿಗಳೂ ಅದೇ ಏಸುವನ್ನು ನಂಬಿದವರೇ. ಹಾಗಾದರೆ ದೇವರು ಯಾವ ಕಡೆ ಇದ್ದ? ತಕ್ಕಡಿಯ ಕಡೆಯೋ, ಗಂಜಿಯ ಕಡೆಯೋ?

ಇಲ್ಲಿಂದ ನಮಗೊಂದು ತಿಳಿವಳಿಕೆ ಬಂತು. ಕೇಡು ದೇವರ ರಹಸ್ಯ ಎನ್ನುವವನು ಮೊದಲು ಕಿರ್ದಿ ಪುಸ್ತಕ ತೋರಿಸಲಿ. ನೂರಕ್ಕೆ ತೊಂಬತ್ತು ಕೇಡಿಗೆ ಹೆಸರಿದೆ, ಸಹಿಯಿದೆ, ದರವಿದೆ. 2021ರ ಸೆಪ್ಟೆಂಬರ್ 23ರಂದು ಹೊಸ ತರಗುಪೇಟೆಯಲ್ಲಿ ಪಟಾಕಿ ದಾಸ್ತಾನು ಸಿಡಿದು ಜನ ಸತ್ತರು. ಅವತ್ತೂ ಯಾರೋ ಅಂದರು, 'ವಿಧಿ, ಏನ್ ಮಾಡಕಾಗ್ತದೆ?' ವಿಧಿ ಗೋದಾಮಿನಲ್ಲಿ ಪಟಾಕಿ ತುಂಬುವುದಿಲ್ಲ ಕಣ್ರಪ್ಪಾ. ಪೂಜಾರಿಯಾಗಲಿ ಪಾದ್ರಿಯಾಗಲಿ, ಇಂಥ ಸಾವಿಗೆ ದೇವರ ಹೆಸರು ಬರೆದರೆ ಮನುಷ್ಯನ ಹೆಸರು ಅಳಿಸಿಹೋಗುತ್ತದೆ. ತರಗು ಎಂದರೆ ದಲ್ಲಾಳಿಯ ಕಮಿಷನ್ನು. ದೇವರಿಗೂ ನಮಗೂ ನಡುವೆ ನಿಂತು ತರಗು ತಿನ್ನುವವರ ಕೆಲಸವೇ ಈ ಅಳಿಸುವ ಕೆಲಸ. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ಕುರ್ಚಿ ಕಳೆದುಕೊಂಡರು. ದೇವರ ಬಗ್ಗೆ ಬರೆದ ಸಾಹಿತ್ಯವನ್ನೂ ಜರಡಿ ಹಿಡಿದರೆ ತರಗುಪೇಟೆಗೆ ಸಾಲುವಷ್ಟು ಬೂಸಾ ಸಿಗುತ್ತದೆ.

ಈಗ ಮನೆಯ ವಿಷಯ. ನಮ್ಮ ಚಿಕ್ಕವ್ವ ದೀಕ್ಷಾಸ್ನಾನ ಪಡೆದವಳು. ಅಕ್ಕಿ ಕೊಟ್ಟವರು ಯಾರೂ ಇರಲಿಲ್ಲ. ಗಂಡ ಸತ್ತಾಗ ಹತ್ತಿರ ಕೂತು ಅತ್ತವರು ಚರ್ಚಿನ ಹೆಂಗಸರು, ಅದಕ್ಕೆ ಹೋದಳು. ಅವಳ ಮಗ, ನಾವು, ಒಂದೇ ಬೆಂಚಿನಲ್ಲಿ ಕೂತವರು. ಓದಿನಲ್ಲಿ ನಮಗಿಂತ ಚುರುಕು. ಹಾಸ್ಟೆಲಿಗೆ ಅರ್ಜಿ ಹಾಕುವಾಗ ಕಚೇರಿಯ ಗುಮಾಸ್ತ ಧರ್ಮದ ಕಾಲಮ್ಮಿನ ಮೇಲೆ ಬೆರಳಿಟ್ಟು, 'ಹಿಂದೂ ಅಂತ ಬರೀರಿ, ಎಲ್ರೂ ಹಂಗೇ ಬರೀತಾರೆ' ಎಂದ. ಚಿಕ್ಕವ್ವ ಒಪ್ಪಲಿಲ್ಲ. 'ಸುಳ್ಳು ಬರೆಸಿ ನನ್ ಮಗನ್ನ ಓದಿಸಲ್ಲ ಸ್ವಾಮಿ' ಎಂದಳು. ನಮಗೆ ಪರಿಶಿಷ್ಟ ಜಾತಿಯ ಸೀಟು ಸಿಕ್ಕಿತು, ಅವನಿಗೆ ಸಿಗಲಿಲ್ಲ. ನಾವು ಡಿಗ್ರಿ ಮುಗಿಸಿದ ವರ್ಷ ಅವನು ನಮ್ಮಪ್ಪನ ಪಕ್ಕದಲ್ಲಿ ಕೊಕ್ಕೆ ಹಿಡಿದು ನಿಂತಿದ್ದ. ಒಂದೇ ಕೇರಿ, ಒಂದೇ ರಕ್ತ, ಒಂದೇ ಅವಮಾನ. ಬೇರೆಯಿದ್ದದ್ದು ಚಿಕ್ಕವ್ವನ ಸತ್ಯ ಮಾತ್ರ. ಸತ್ಯಕ್ಕೆ ದಂಡ ಹಾಕಿದವನು ದೇವರೇ? ಅಲ್ಲ. ಅದಕ್ಕೂ ಸಹಿಯಿದೆ, ತಾರೀಖಿದೆ.

1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ, ಮೂರನೆಯ ಪ್ಯಾರಾ. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗುಳಿದರು. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬುವನಿಗೆ, ಜೊತೆಯವರಿಗೆ ಸರ್ಕಾರ ಕೊಟ್ಟ ಗೂಡಂಗಡಿ ಸಿಗಲಿಲ್ಲ, ಅವನು ಕ್ರೈಸ್ತನೆಂದು. ಮತಾಂತರದ ನಂತರವೂ ಜಾತಿಯ ಬಾಧೆ ಅಷ್ಟೇ ತೀವ್ರವಾಗಿದೆ ಎಂದು ತೋರಿಸಿಲ್ಲವೆಂದು 1985ರಲ್ಲಿ ಸುಪ್ರೀಂ ಕೋರ್ಟು ಅವನ ಅರ್ಜಿ ವಜಾ ಮಾಡಿತು. ಚಪ್ಪಲಿ ಹೊಲಿಯುವವನೇ ಸಾಕ್ಷಿ ತರಬೇಕು, ತಾನು ಇನ್ನೂ ಚಪ್ಪಲಿ ಹೊಲಿಯುವವನೆಂದು! 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಮೂರನೆಯ ಪ್ಯಾರಾ ತೆಗೆಯಿರಿ ಎಂದಿತು. ತೆಗೆಯಲಿಲ್ಲ. 2022ರ ಅಕ್ಟೋಬರಿನಲ್ಲಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ ಬಂತು. 2025ರಲ್ಲಿ ಆಂಧ್ರದ ಹೈಕೋರ್ಟು ಮತಾಂತರಗೊಂಡವನಿಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ ಎಂದಿತು. ಬಯ್ಯುವವನು ಮಾತ್ರ ಶಿಲುಬೆ ನೋಡಿ ಬಯ್ಯುವುದಿಲ್ಲ, ಕೇರಿ ನೋಡಿಯೇ ಬಯ್ಯುತ್ತಾನೆ.

ನಮ್ಮ ರಾಜ್ಯದ್ದೂ ಕೇಳಿ. 2022ರ ಮತಾಂತರ ತಡೆ ಕಾಯ್ದೆಯಲ್ಲಿ ಆಮಿಷ ಯಾವುದೆಂದು ಪಟ್ಟಿ ಮಾಡಿದರು. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಶಿಕ್ಷಣವೂ ಆಮಿಷ, ಒಳ್ಳೆಯ ಬದುಕಿನ ಮಾತೂ ಆಮಿಷ. ಪರಿಶಿಷ್ಟರನ್ನು ಮತಾಂತರಿಸಿದರೆ ಶಿಕ್ಷೆ ಹತ್ತು ವರ್ಷದವರೆಗೆ, ಉಳಿದವರಿಗಾದರೆ ಐದು. ನಮ್ಮ ಬುದ್ಧಿಯನ್ನು ಹೆಂಗಸರ, ಮಕ್ಕಳ ಸಾಲಿಗೆ ಸೇರಿಸಿ ತೂಗಿದ್ದಾರೆ. ಹೆಂಗಸರಿಗೂ ಬುದ್ಧಿಯಿಲ್ಲವೆಂದು ಅವರೇ ಬರೆದುಕೊಂಡಿದ್ದಾರೆ ಬಿಡಿ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ಮಾಡಿತು. ಆದರೆ ಪ್ರಶ್ನೆ ಉಳಿಯಿತು: ಒಳ್ಳೆಯ ಬದುಕನ್ನು ಬಯಸುವುದೇ ಆಮಿಷವಾದರೆ ಕೆಟ್ಟ ಬದುಕಿನಲ್ಲಿ ಉಳಿಸಿಕೊಳ್ಳುವುದಕ್ಕೆ ಕಾನೂನಿನಲ್ಲಿ ಏನು ಹೆಸರು?

ಹಾಗೆಂದು ಚರ್ಚಿಗೆ ನಾವು ಪುಕ್ಕಟೆ ರಸೀದಿ ಕೊಡುವುದಿಲ್ಲ. ನೀರು ಚಿಮುಕಿಸಿದರೆ ಪಾಪ ಹೋಗುತ್ತದಂತೆ, ಜಾತಿ ಹೋಗುವುದಿಲ್ಲ. ಸಂಬಂಧ ನೋಡುವಾಗ ಯಾವ ಕಡೆಯವರು ಎಂದು ಮೆಲ್ಲಗೆ ಕೇಳುತ್ತಾರೆ. ತಮಿಳುನಾಡಿನಲ್ಲಿ ಸತ್ತವರಿಗೂ ಗೋಡೆ ಕಟ್ಟಿದ ಸ್ಮಶಾನಗಳಿವೆ. ಒಳಗೆ ಜಾತಿಭೇದವಿದೆ ಎಂದು ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನವೇ 2016ರ ಡಿಸೆಂಬರಿನಲ್ಲಿ ಒಪ್ಪಿ ನೀತಿಪತ್ರ ಹೊರಡಿಸಿತು. ಮೊದಲ ದಲಿತ ಕಾರ್ಡಿನಲ್ ಆಗಿ ಪೂಲ ಆಂಥೋನಿಯವರು ಬಂದದ್ದು 2022ರಲ್ಲಿ. ಕರುಣೆಯ ದೇವರ ಮನೆಯಲ್ಲೂ ನಮ್ಮವನಿಗೆ ಕುರ್ಚಿ ಸಿಗಲು ಇಷ್ಟು ಶತಮಾನ ಬೇಕಾಯಿತು.

ಇದೇ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಒಂದು ಉಪನ್ಯಾಸ ಮಾಡಿದರು. ದಲಿತ ದೇವಶಾಸ್ತ್ರ ಎಂಬ ಮಾತು ಅಲ್ಲಿಂದ ಬೆಳೆಯಿತು. ಅವರ ದೇವರು ಸಿಂಹಾಸನದಲ್ಲಿ ಕೂರುವುದಿಲ್ಲ, ಗುಡಿಸುತ್ತಾನೆ, ತೊಳೆಯುತ್ತಾನೆ, ಹೊರುತ್ತಾನೆ; ಅವನೇ ದಲಿತ. ಈ ಮಾತು ನಮ್ಮನ್ನು ಅಲ್ಲಾಡಿಸುತ್ತದೆ. ಆದರೂ ಕೇಳಬೇಕು: ದೇವರೂ ನಮ್ಮ ಜೊತೆ ಮೂಟೆ ಹೊತ್ತರೆ ಮೂಟೆ ಹಗುರಾಗುತ್ತದೆಯೇ, ಅಥವಾ ಮಂಡಿಗೆ ಇನ್ನೊಬ್ಬ ಪುಕ್ಕಟೆ ಹಮಾಲಿ ಸಿಕ್ಕಂತಾಗುತ್ತದೆಯೇ?

ಕೊನೆಗೆ ಕ್ಷಮೆಯ ಪ್ರಶ್ನೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್‌ರನ್ನೂ ಅವರ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ನಾವು ತಲೆ ಬಾಗುತ್ತೇವೆ. ಅದು ಅವರ ಸಂಕಟ, ಅವರ ಹಕ್ಕು. ಆದರೆ ಅವರ ಕ್ಷಮೆ ಕಾನೂನಿನ ಕೆಲಸ ನಿಲ್ಲಿಸಲಿಲ್ಲ. ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿಯಿತು. ಕಂಬಾಲಪಲ್ಲಿಯಲ್ಲಿ? 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆ, 2014ರಲ್ಲಿ ಹೈಕೋರ್ಟಿನಲ್ಲೂ ಖುಲಾಸೆ. ಅಲ್ಲಿ ನಮ್ಮವರನ್ನು ಕ್ಷಮೆ ಕೇಳಿದವರು ಯಾರು? ಯಾರೂ ಕೊಂದೇ ಇಲ್ಲವೆಂದ ಮೇಲೆ ಕ್ಷಮಿಸುವುದು ಯಾರನ್ನು? ನ್ಯಾಯ ಸಿಕ್ಕವನಿಗೆ ಮಾತ್ರ ಕ್ಷಮಿಸುವ ಶ್ರೀಮಂತಿಕೆ ಸಾಧ್ಯ. ನ್ಯಾಯವನ್ನು ಕಿತ್ತುಕೊಂಡು ಕರುಣೆ ಕಲಿಸಲು ಬರುವವನು ನಮ್ಮ ಗಾಯದ ಮೇಲೆ ನಿಂತು ಉಪದೇಶ ಮಾಡುತ್ತಾನೆ.

ಮೇಲೆ ಒಂದು ದಿನ ತೀರ್ಪಾಗುತ್ತದೆ, ದುಷ್ಟರಿಗೆ ನರಕದ ಬೆಂಕಿಯಿದೆ ಎನ್ನುತ್ತಾರೆ. ಬೆಂಕಿ ನಮಗೆ ಬೇಡ. ಬೆಂಕಿ ಏನು ಮಾಡುತ್ತದೆಂದು ನಮಗೆ ಗೊತ್ತು. ಶತ್ರುವನ್ನೂ ಯುಗಯುಗಾಂತರ ಸುಡುವ ದೇವರನ್ನು ನಾವು ಪೂಜಿಸಲಾರೆವು. ನಾವು ಕೇಳುವುದು ಅದಕ್ಕಿಂತ ಬಹಳ ಸಣ್ಣದು: ಇಲ್ಲೇ, ಈ ತಾಲ್ಲೂಕಿನಲ್ಲೇ, ಸಾಕ್ಷಿ ಹೆದರದೆ ಮಾತಾಡುವ ಒಂದು ಕೋರ್ಟು.

ಏಸು ಹೇಳಿದ ಒಂದು ಕಥೆ ಮಾತ್ರ ತರಗುಪೇಟೆಯಲ್ಲಿ ಹುಟ್ಟಿದ ಹಾಗಿದೆ. ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆ ಬಂದವನಿಗೂ ಸಂಜೆ ಬಂದವನಿಗೂ ಒಂದೇ ಕೂಲಿ ಕೊಟ್ಟ. ಬೆಳಿಗ್ಗೆ ಬಂದವರು ಗೊಣಗಿದರು. ಪಂಡಿತರು ಇದನ್ನು ದೇವರ ಕೃಪೆ ಎಂದು ವ್ಯಾಖ್ಯಾನ ಮಾಡುತ್ತಾರೆ. ನಮ್ಮಪ್ಪನಿಗೆ ಓದಿ ಹೇಳಿದಾಗ ಅವನು ಅಂದದ್ದು ಬೇರೆ: 'ಸಂಜೇತನಕ ಯಾರೂ ಕರೀದೆ ನಿಂತಿದ್ನಲ್ಲ, ಅವ್ನಿಗೂ ಹೊಟ್ಟೆ ಅಷ್ಟೇ ದೊಡ್ದು ಕಣ್ರೋ. ಅದು ಕರುಣೆ ಅಲ್ಲ, ಅದೇ ನ್ಯಾಯ.' ನೋಡಿ, ಕರುಣೆ ಮತ್ತು ನ್ಯಾಯದ ಜಗಳವನ್ನು ಒಬ್ಬ ಹಮಾಲಿ ಒಂದು ಮಾತಿನಲ್ಲಿ ತೀರಿಸಿದ. ಹಸಿವಿನ ಅಳತೆಯಲ್ಲಿ ಕೊಟ್ಟದ್ದು ನ್ಯಾಯ. ಕೊಡುವವನ ದೊಡ್ಡತನದ ಅಳತೆಯಲ್ಲಿ ಕೊಟ್ಟದ್ದು ಮಾತ್ರ ಕರುಣೆ, ಅಂದರೆ ಭಿಕ್ಷೆ.

ಇದನ್ನೆಲ್ಲ ಚಿಕ್ಕವ್ವನ ಮುಂದೆ ಓದಿದೆವು. ನಿನ್ನ ದೇವರು ನಿನ್ನ ಮಗನಿಗೆ ಏನು ಮಾಡಿದ ಎಂದೂ ಕೇಳಿದೆವು. ಕೇಳಬಾರದಿತ್ತು. ಅವಳು ಅಕ್ಕಿ ಆರಿಸುತ್ತಾ ಹೇಳಿದಳು: 'ಅವ್ನೂ ಶಿಲುಬೆ ಮ್ಯಾಲೆ ಇದೇ ಕೇಳ್ದ ಮಗಾ, ಯಾಕಪ್ಪಾ ನನ್ ಕೈಬಿಟ್ಟೆ ಅಂತ. ಅವ್ನಿಗೂ ಉತ್ರ ಬರ್ಲಿಲ್ಲ. ಉತ್ರ ಬರ್ದೆ ಇರೋವ್ನು ಅಂತ್ಲೇ ನಾನು ಅವ್ನ ಪಕ್ಕ ಕೂತಿರೋದು.' ನಮ್ಮ ಬಿ.ಎ. ಅಲ್ಲಿಗೆ ನಿಂತಿತು.

ಚಿಕ್ಕವ್ವನ ಏಸುವಿನ ಜೊತೆ ನಮಗೆ ಜಗಳವಿಲ್ಲ. ಅವನು ನ್ಯಾಯಾಧೀಶನಾಗಿ ಬಂದರೆ ನಾವು ಎದ್ದು ನಿಲ್ಲುವುದಿಲ್ಲ. ಸಾಕ್ಷಿಯಾಗಿ ಬಂದರೆ ಪಕ್ಕಕ್ಕೆ ಸರಿದು ಜಾಗ ಕೊಡುತ್ತೇವೆ. ಆದರೆ ಚಿಕ್ಕವ್ವಾ, ಪಕ್ಕದಲ್ಲಿ ಕೂರುವುದು ಸಾಲದು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಹಿಡಿದ ದಾರಿಯಲ್ಲಿ ಲೋಕ ಸೃಷ್ಟಿಸಿದ ದೇವರಿಲ್ಲ, ಹಾಗಾಗಿ ಅವನನ್ನು ಕಟಕಟೆಗೆ ಎಳೆಯುವ ಕೆಲಸವೂ ಇಲ್ಲ. ದುಃಖವಿದೆ, ಅದಕ್ಕೆ ಕಾರಣವಿದೆ, ಕಾರಣವನ್ನು ಕೀಳಬಹುದು. ನಮ್ಮ ಕಾಲು ಆ ಕಡೆ ಎಳೆಯುತ್ತಿದೆ. ನೀನು ನಿನ್ನ ಚರ್ಚಿನಲ್ಲೇ ಇರು. ಮೂರನೆಯ ಪ್ಯಾರಾ ಕಿತ್ತುಹಾಕುವ ಮೆರವಣಿಗೆಯಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ನಡೆಯೋಣ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲೊಂದು ವಿನಂತಿ. ತರಗತಿಯಲ್ಲಿ ಮಗು ಎದ್ದು ನಿಂತು ದೇವರಿದ್ದರೆ ನಮಗೆ ಯಾಕೆ ಹೀಗೆ ಎಂದು ಕೇಳಿದರೆ ಗದರಿಸಬೇಡಿ, ವಿಧಿಯೆಂದೂ ಪಾಪವೆಂದೂ ಹೇಳಬೇಡಿ. ಬೋರ್ಡಿನ ಮೇಲೆ 1871, 1881 ಎಂದು ಬರೆದು ಎರಡು ಜನಗಣತಿಯನ್ನು ಕಳೆಯಲು ಹೇಳಿ. ಬಂದ ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕೆಂದು ಮಗುವನ್ನೇ ಕೇಳಿ.

ನಾಳೆ ಬೆಳಿಗ್ಗೆ ಮತ್ತೆ ಲಾರಿ ಬರುತ್ತದೆ. ನಮ್ಮಪ್ಪ, ಚಿಕ್ಕವ್ವನ ಮಗ, ಇಬ್ಬರೂ ಕೊಕ್ಕೆ ಹಿಡಿದು ನಿಂತಿರುತ್ತಾರೆ. ನಾವೂ ಹೋಗುತ್ತೇವೆ. ಮೂಟೆ ಎಣಿಸಲು, ಕಿರ್ದಿ ಓದಲು.